ಗಾಡಿಯ ಜಾಡು, ಡಾಂಬರು ರಸ್ತೆ

ನಿಜಾಮ ಸಂಸ್ಥಾನದ ರೈಲ್ವೆಯವರು 1932ರಲ್ಲಿ 27 ಬಸ್ಸುಗಳಿಂದ ಮೋಟಾರು ಸಾರಿಗೆಯನ್ನು ಆರಂಭಿಸಿದಾಗ ರಾಯಚೂರು ಜಿಲ್ಲೆಯು ಆ ಸಂಸ್ಥಾನಕ್ಕೇ ಸೇರಿತ್ತು. ಅರಕೇರಾ ಕಡೆಯ ಹಳ್ಳಿಗಳಿಗೆ ಎತ್ತಿನ ಗಾಡಿಯ ಜಾಡೇ ದಾರಿ. ಗಾಡಿಯ ಅಡಿಗೆ ಕಂದೀಲು ತೂಗಿದರೆ ಇರುಳಿನ ರಕ್ಷಣೆಯಾಯಿತು. ಎತ್ತಿನ ನಡಿಗೆಗೆ ಅಷ್ಟು ಬೆಳಕು ಸಾಕು.

ಡಾಂಬರು ಬಂದು ವೇಗ ಹೆಚ್ಚಿತು. ರೂಢಿ ಮಾತ್ರ ಗಾಡಿಯ ಕಾಲದ್ದೇ ಉಳಿಯಿತು. ಸುಗ್ಗಿಯಲ್ಲಿ ರಸ್ತೆಯೇ ಕಣವಾಗುತ್ತದೆ. ಹರವಿದ ತೆನೆಯ ಮೇಲೆ ಸೈಕಲ್ಲು ಜಾರುತ್ತದೆ. ಮಳೆಗಾಲದಲ್ಲಿ ಟ್ರ್ಯಾಕ್ಟರಿನ ಗಾಲಿ ಹೊತ್ತು ತಂದ ಎರೆಮಣ್ಣಿನದೂ ಅದೇ ಕೆಲಸ. ಹಿಂದೀಪವಿಲ್ಲದ ಟ್ರೇಲರಿಗಿಂತ ಆ ಕಂದೀಲಿನ ಗಾಡಿಯೇ ಮೇಲೆನ್ನಬೇಕು!

1939ರ ಮೋಟಾರು ವಾಹನ ಕಾಯ್ದೆ ಹೋಗಿ 1988ರದು ಬಂದಿತು. 2019ರ ತಿದ್ದುಪಡಿಯು ಮೋಟಾರು ಸೈಕಲ್ಲೇರುವ, ನಾಲ್ಕು ವರ್ಷ ಮೀರಿದ ಮಗುವಿಗೂ ಹೆಲ್ಮೆಟ್ಟನ್ನು ವಿಧಿಸಿತು. ಎಡಬದಿಯ ನಿಯಮವು ಗಾಡಿಗೂ ಸೈಕಲ್ಲಿಗೂ ಸಲ್ಲತಕ್ಕದ್ದು. ಕಾಲುದಾರಿಯಿಲ್ಲದ ರಸ್ತೆಯಲ್ಲಿ ಪಾದಚಾರಿಯು ಬಲಬದಿಗೆ ನಡೆಯುವುದು ಲೇಸು. ಎಡಕ್ಕೆ ನಡೆದರೆ ಬೆನ್ನ ಹಿಂದಿನ ಲಾರಿ ಅವನಿಗೆ ಕಾಣುವುದಿಲ್ಲ.