ನಾವು ಐಟಿಐ ಕಡೆಯವರು

ಬೆಂಗಳೂರಿನಲ್ಲಿ ಫುಟ್‌ಬಾಲ್ ತಂಡವನ್ನು ಯಾರೂ ಕೂತು ಆರಿಸಿಕೊಳ್ಳುತ್ತಿರಲಿಲ್ಲ. ಅಪ್ಪ ಎಲ್ಲಿ ಕೆಲಸಕ್ಕಿದ್ದಾರೆ, ಮನೆ ಯಾವ ಬೀದಿಯಲ್ಲಿದೆ, ಯಾರ ಮನೆಯ ಹುಡುಗ ಲೆಫ್ಟ್ ಔಟ್ ಆಡುತ್ತಾನೆ ಎಂಬುದರ ಮೇಲೆ ಅದು ತಾನಾಗಿಯೇ ತೀರ್ಮಾನವಾಗುತ್ತಿತ್ತು. ನಾನು ದೂರವಾಣಿನಗರದ ಕ್ವಾರ್ಟರ್ಸ್‌ನಲ್ಲಿ ಬೆಳೆದವಳು. ಹಾಗಾಗಿ ದೂರವಾಣಿ ಕಾರ್ಖಾನೆಯಾದ ಐಟಿಐ ಕಡೆ. ವಿಮಾನ ಕಾರ್ಖಾನೆಯಾದ ಎಚ್‌ಎಎಲ್ ಎದುರು ಪಂದ್ಯವಿದ್ದರೆ ವಿಮಾನಪುರದ ಬಂಧುಗಳ ಜೊತೆ ಆ ವಾರ ಮಾತು ಕಡಿಮೆ.

ಈಗಿನ ಹುಡುಗರು ಬೆಂಗಳೂರಿಗೆ ಫುಟ್‌ಬಾಲ್ ಅಭಿಮಾನ ಬಂದದ್ದು 2013ರಲ್ಲಿ, ಬೆಂಗಳೂರು ಎಫ್‌ಸಿ ಹುಟ್ಟಿದ ಮೇಲೆ ಎಂದು ನಂಬಿದ್ದಾರೆ. ಅವರ ಮೇಲೆ ನನಗೆ ಕೋಪವಿಲ್ಲ. ಹೇಳುವವರು ಇರಲಿಲ್ಲ. ಕನ್ನಡದಲ್ಲಿ ಕ್ರಿಕೆಟ್ ಬಗ್ಗೆ ಕಪಾಟು ತುಂಬುವಷ್ಟು ಬರೆದಿದ್ದೇವೆ, ದಂಡು ಪ್ರದೇಶದ ಫುಟ್‌ಬಾಲ್ ಬಗ್ಗೆ ಬರೆದದ್ದು ತೀರಾ ಕಡಿಮೆ. ಅದಕ್ಕೆ ಒಂದು ಕಾರಣ ಆ ಮೈದಾನಗಳ ಮಾತು ತಮಿಳು, ಉರ್ದು, ಇಂಗ್ಲಿಷ್ ಆಗಿದ್ದದ್ದು ಎಂದು ನನ್ನ ಭಾವನೆ. ಪೇಟೆ ಕಡೆಯವರಿಗೆ ಅದು ಪಕ್ಕದ ಊರಿನ ಸಮಾಚಾರವಾಗಿತ್ತು.

ನಿಜಕ್ಕೂ ಅದು ಬೇರೆ ಊರೇ. 1809ರಲ್ಲಿ ಬ್ರಿಟಿಷರು ಹಲಸೂರಿನ ಬದಿಯಲ್ಲಿ ದಂಡು ಕಟ್ಟಿದ ಮೇಲೆ ಬೆಂಗಳೂರು ಎರಡಾಯಿತು. ಒಂದು ಮಹಾರಾಜರ ಪೇಟೆ, ಇನ್ನೊಂದು ಸೇನೆಯ ದಂಡು. ಚೆಂಡು ಬಂದದ್ದು ಸೇನೆಯ ಜೊತೆ. ಗೋರಾ ರೆಜಿಮೆಂಟುಗಳು ಪರೇಡ್ ಮೈದಾನದಲ್ಲಿ ಆಡಿದವು, ಹಲಸೂರು ಕೆರೆಯ ಬಳಿಯ ಮದ್ರಾಸ್ ಸ್ಯಾಪರ್‌ಗಳು ಆಡಿದರು, ಸೈನ್ಯದ ಅಡುಗೆಮನೆ, ಕುದುರೆಲಾಯ, ಬಟ್ಟೆ ಒಗೆಯುವ ಕೆಲಸಗಳಿಗೆ ಬಂದವರ ಮಕ್ಕಳು ಬೇಲಿಯ ಆಚೆ ನಿಂತು ನೋಡಿ ಕಲಿತರು. ಅವರ ವಸತಿಗಳೇ ಆಮೇಲೆ ಫುಟ್‌ಬಾಲಿನ ತವರುಗಳಾದವು. ಆಸ್ಟಿನ್ ಟೌನ್, ಮರ್ಫಿ ಟೌನ್ ಎರಡಕ್ಕೂ ಇಂಜಿನಿಯರುಗಳ ಹೆಸರು. ಹಲಸೂರಿನ ಪಕ್ಕದಲ್ಲಿ ಗೌತಮಪುರ. ಅಲ್ಲಿನ ಹುಡುಗರು ಬರಿಗಾಲಿನಲ್ಲಿ ಆಡಿದರು. ಬೂಟಿಗೆ ದುಡ್ಡಿರಲಿಲ್ಲ ಎಂಬುದು ಅರ್ಧ ಮಾತು. ಉಳಿದರ್ಧ, ಚೆಂಡು ಕಾಲ್ಬೆರಳಿಗೆ ಅಂಟಿಕೊಳ್ಳುವ ಹಿಡಿತ ಅವರಿಗೆ ಬರಿಗಾಲಿನಲ್ಲೇ ಸಿಕ್ಕಿತ್ತು.

ಈ ಬೀದಿಗಳಿಂದ ಎದ್ದ ಮೊದಲ ದೊಡ್ಡ ಹೆಸರು ಬೆಂಗಳೂರು ಮುಸ್ಲಿಮ್ಸ್. ಬೊಂಬಾಯಿಯಲ್ಲಿ 1891ರಿಂದ ನಡೆಯುತ್ತಿದ್ದ ರೋವರ್ಸ್ ಕಪ್ ಅಲ್ಲಿಯವರೆಗೂ ಬ್ರಿಟಿಷ್ ಸೇನಾ ತಂಡಗಳ ಆಸ್ತಿಯಂತಿತ್ತು. 1937ರಲ್ಲಿ ಅದನ್ನು ಮೊದಲ ಬಾರಿಗೆ ಗೆದ್ದ ಭಾರತೀಯ ತಂಡ ನಮ್ಮ ಊರಿನದು. ಫೈನಲ್‌ನಲ್ಲಿ ಸೋತದ್ದು ಕಲ್ಕತ್ತದ ಮೊಹಮ್ಮಡನ್ ಸ್ಪೋರ್ಟಿಂಗ್, ಆಗ ದೇಶದ ಬಲಾಢ್ಯ ತಂಡ. ಮರುವರ್ಷ 1938ರಲ್ಲೂ ಕಪ್ ಬೆಂಗಳೂರಿಗೇ ಬಂತು. ಮೋಹನ್ ಬಾಗಾನ್ 1911ರಲ್ಲಿ ಈಸ್ಟ್ ಯಾರ್ಕ್‌ಶೈರ್ ರೆಜಿಮೆಂಟನ್ನು ಸೋಲಿಸಿ ಐಎಫ್‌ಎ ಶೀಲ್ಡ್ ಗೆದ್ದ ಕಥೆ ಶಾಲೆಯ ಮಕ್ಕಳಿಗೂ ಗೊತ್ತು, ಗೊತ್ತಿರಬೇಕಾದ್ದೇ. 1937 ಕೂಡ ಹಾಗೆಯೇ ಗೊತ್ತಿರಬೇಕು ಎಂದು ನಾನು ಹಟ ಹಿಡಿಯುತ್ತೇನೆ.

ಇನ್ನು 1948. ಜುಲೈ 31ರಂದು ಲಂಡನ್ ಪಕ್ಕದ ಇಲ್‌ಫರ್ಡ್‌ನಲ್ಲಿ ಸ್ವತಂತ್ರ ಭಾರತ ತನ್ನ ಮೊದಲ ಒಲಿಂಪಿಕ್ ಫುಟ್‌ಬಾಲ್ ಪಂದ್ಯ ಆಡಿತು, ಫ್ರಾನ್ಸ್ ವಿರುದ್ಧ. ಭಾರತದ ಬಹುಪಾಲು ಆಟಗಾರರು ಬರಿಗಾಲಿನಲ್ಲಿದ್ದರು. ಎರಡು ಪೆನಾಲ್ಟಿ ಕೈತಪ್ಪಿದವು, ಕೊನೆಯ ಗಳಿಗೆಯಲ್ಲಿ ಫ್ರಾನ್ಸ್ 2–1ರಿಂದ ಗೆದ್ದಿತು. ಭಾರತದ ಆ ಒಂದು ಗೋಲು ಹೊಡೆದವರು ಬೆಂಗಳೂರಿನ ಸಾರಂಗಪಾಣಿ ರಾಮನ್. ತಂಡದಲ್ಲಿ ಅವರ ಜೊತೆ ನಮ್ಮ ಊರಿನ ಗೋಲ್‌ಕೀಪರ್ ವರದರಾಜ್, ಅಹ್ಮದ್ ಖಾನ್, ಧನರಾಜ್, ಸತ್ತಾರ್ ಬಷೀರ್, ವಜ್ರವೇಲು ಇದ್ದರು. ಒಂದು ದೇಶದ ತಂಡದಲ್ಲಿ ಒಂದೇ ಊರಿನ ಬೆರಳೆಣಿಕೆಯ ಬೀದಿಗಳಿಂದ ಇಷ್ಟು ಜನ! ಅವರ ಹೆಸರುಗಳನ್ನು ನಾನು ಕಲಿತದ್ದು ಪುಸ್ತಕದಿಂದಲ್ಲ. ಅಪ್ಪನ ಸ್ನೇಹಿತರೊಬ್ಬರು, ಮರ್ಫಿ ಟೌನಿನವರು, ಮಗ್ಗಿ ಹೇಳಿಸುವ ಹಾಗೆ ನಮ್ಮಿಂದ ಹೇಳಿಸುತ್ತಿದ್ದರು. ಒಂದು ಹೆಸರು ಬಿಟ್ಟರೆ ಮತ್ತೆ ಮೊದಲಿಂದ.

ಆ ಮಾಮನ ಮನೆಯಲ್ಲಿ ಇನ್ನೊಂದು ವಿಚಿತ್ರವಿತ್ತು. ಅವರು ಕಲ್ಕತ್ತವನ್ನು ಕಣ್ಣಿಂದ ನೋಡಿದವರಲ್ಲ, ಬಂಗಾಳಿ ಒಂದಕ್ಷರ ಬಾರದು, ಆದರೆ ಈಸ್ಟ್ ಬೆಂಗಾಲ್ ಸೋತರೆ ಅವರಿಗೆ ಊಟ ಸೇರುತ್ತಿರಲಿಲ್ಲ. ಕಾರಣ ಅಹ್ಮದ್ ಖಾನ್. ಲಂಡನ್ನಿನಿಂದ ಬಂದ ಮೇಲೆ ಅಹ್ಮದ್ ಖಾನ್ ಈಸ್ಟ್ ಬೆಂಗಾಲ್ ಸೇರಿ ಸುಮಾರು ಹತ್ತು ವರ್ಷ ಅಲ್ಲೇ ಆಡಿದರು. ಧನರಾಜ್ ಕೂಡ ಅದೇ ತಂಡದಲ್ಲಿದ್ದರು. ಅವರ ಜೊತೆ ವೆಂಕಟೇಶ್, ಅಪ್ಪಾರಾವ್, ಸಾಲೇಹ್. ಈ ಐವರ ಮುಂಪಡೆಗೆ ಕಲ್ಕತ್ತದ ಜನ ಪಂಚಪಾಂಡವರು ಎಂದೇ ಹೆಸರಿಟ್ಟರು. 1949, 50, 51, ಮೂರು ವರ್ಷ ಸತತವಾಗಿ ಐಎಫ್‌ಎ ಶೀಲ್ಡ್ ಅವರದಾಯಿತು.

ಇಲ್ಲಿ ಸ್ವಲ್ಪ ನಿಲ್ಲಬೇಕು. ಈಸ್ಟ್ ಬೆಂಗಾಲ್ 1920ರಲ್ಲಿ ಹುಟ್ಟಿದ್ದು ಪೂರ್ವ ಬಂಗಾಳದ ಜನರ ಕ್ಲಬ್ ಆಗಿ. ದೇಶ ಒಡೆದ ಮೇಲೆ ಮನೆಮಠ ಬಿಟ್ಟು ಕಲ್ಕತ್ತಕ್ಕೆ ಬಂದ ಲಕ್ಷಾಂತರ ಜನ ಅದನ್ನು ತಮ್ಮ ಕಳೆದುಹೋದ ಊರಿನ ಹೆಸರಾಗಿ ಹಿಡಿದುಕೊಂಡರು. ಅವರ ಸ್ವಾಭಿಮಾನವನ್ನು ಮೈದಾನದಲ್ಲಿ ಹೊತ್ತ ಐವರೂ ದಕ್ಷಿಣದವರು, ಒಬ್ಬರೂ ಬಂಗಾಳಿಯಲ್ಲ. ಬೆಂಗಳೂರಿನ ಒಬ್ಬ ಮುಸಲ್ಮಾನ ಹುಡುಗ ಬರಿಗಾಲಿನಲ್ಲಿ ನಾಲ್ಕು ಜನರನ್ನು ದಾಟಿ ಹೋದರೆ ಢಾಕಾದಿಂದ ಬಂದ ನಿರಾಶ್ರಿತ ಹಿಂದೂ ಕುಟುಂಬ ಎದ್ದು ಕುಣಿಯುತ್ತಿತ್ತು. ವಿಭಜನೆಯ ಗಾಯ ಇನ್ನೂ ಹಸಿಯಾಗಿದ್ದ ಕಾಲ ಅದು. ಈ ಸಂಗತಿಯನ್ನು ನಾನು ಎಷ್ಟು ಸಲ ನೆನೆದರೂ ಎದೆ ತುಂಬುತ್ತದೆ. ಅದೇ ಹೊತ್ತಿಗೆ ಇಲ್ಲಿ, ಮರ್ಫಿ ಟೌನಿನಲ್ಲಿ, ತಮಿಳು ಕ್ರೈಸ್ತರೊಬ್ಬರು ಬಂಗಾಳದ ಕ್ಲಬ್ಬಿಗೆ ಹರಕೆ ಹೊತ್ತರು. ಹುಡುಗ ನಮ್ಮವನು, ಅವನು ಹೋದಲ್ಲಿಗೆ ನಾವೂ. ಅಹ್ಮದ್ ಖಾನ್ 1952ರ ಹೆಲ್ಸಿಂಕಿ ಒಲಿಂಪಿಕ್ಸ್‌ನಲ್ಲೂ ಆಡಿದರು. ಯುಗೋಸ್ಲಾವಿಯ ಎದುರು ಭಾರತ 10 ಗೋಲು ತಿಂದ ದಿನ ನಮ್ಮ ಒಂದೇ ಗೋಲು ಅವರದು. 2017ರಲ್ಲಿ ಅವರು ತೀರಿಕೊಂಡದ್ದು ಇದೇ ಬೆಂಗಳೂರಿನಲ್ಲಿ.

ಹಾಗಾದರೆ ದಂಡಿನ ಆಚೆಯವರು ಈ ಆಟಕ್ಕೆ ಹೇಗೆ ಬಂದರು? ಕಾಗದದ ಮೇಲೆ ಎರಡೂ ಬೆಂಗಳೂರು ಒಂದಾದದ್ದು 1949ರಲ್ಲಿ, ಎರಡು ಪುರಸಭೆಗಳನ್ನು ಸೇರಿಸಿ ಕಾರ್ಪೊರೇಷನ್ ಮಾಡಿದಾಗ. ಜನ ಒಂದಾದದ್ದು ಕಾರ್ಖಾನೆಗಳಲ್ಲಿ. ಎಚ್‌ಎಎಲ್ 1940ರಿಂದ ಇತ್ತು. 1948ರಲ್ಲಿ ಐಟಿಐ ಶುರುವಾಯಿತು. ಆಮೇಲೆ ಬಿಇಎಲ್, ಎಚ್‌ಎಂಟಿ, ಬಿಇಎಂಎಲ್. ಈ ಕಾರ್ಖಾನೆಗಳಿಗೆ ಮಂಡ್ಯ, ತುಮಕೂರು, ಕೋಲಾರದ ಹಳ್ಳಿಗಳ ಹುಡುಗರು ಬಂದರು; ದಂಡಿನ ಹುಡುಗರೂ ಬಂದರು. ಒಂದೇ ಬೆಂಚಿನಲ್ಲಿ ಕೂತು ರಿಲೇ ಜೋಡಿಸಿದರು. ನಮ್ಮಪ್ಪ ಮದ್ದೂರಿನ ಹತ್ತಿರದವರು. ಊರಲ್ಲಿ ಅವರು ಆಡಿದ್ದು ಕಬಡ್ಡಿ, ನೋಡಿದ್ದು ಕುಸ್ತಿ. ಪಕ್ಕದ ಬೆಂಚಿನ ಮರ್ಫಿ ಟೌನಿನ ಸ್ನೇಹಿತ ಒಂದು ಸಂಜೆ ‘ಬಾರಪ್ಪ, ನಮ್ಮವರ ಆಟ ಇದೆ’ ಎಂದು ಎಳೆದುಕೊಂಡು ಹೋದರು. ಆ ‘ನಮ್ಮವರು’ ಅಂದರೆ ಐಟಿಐ.

ಕಾರ್ಖಾನೆ ತಂಡದ ಗುಟ್ಟು ಇಲ್ಲಿದೆ. ಆಟಗಾರನನ್ನು ಕೆಲಸಕ್ಕೆ ಸೇರಿಸಿಕೊಳ್ಳುತ್ತಿದ್ದರು. ಬೆಳಿಗ್ಗೆ ಹಾಜರಿ, ಮಧ್ಯಾಹ್ನದ ಮೇಲೆ ಅಭ್ಯಾಸ. ಅವನಿಗೆ ಪಿಂಚಣಿ, ಕ್ವಾರ್ಟರ್ಸ್, ಮಕ್ಕಳಿಗೆ ಶಾಲೆ. ಭಾನುವಾರ ಗೋಲು ಹೊಡೆದವನು ಸೋಮವಾರ ಕ್ಯಾಂಟೀನಿನಲ್ಲಿ ತಟ್ಟೆ ಹಿಡಿದು ನಿಮ್ಮ ಹಿಂದೆ ನಿಂತಿರುತ್ತಿದ್ದ. ಕಾಯಿಲ್ ಸುತ್ತುವ ವಿಭಾಗದಲ್ಲಿದ್ದ ನಮ್ಮ ಪಕ್ಕದ ಮನೆಯ ಅಮ್ಮ ಆಫ್‌ಸೈಡ್ ಎಂದರೇನೆಂದು ಕೊನೆಯವರೆಗೂ ತಿಳಿದುಕೊಳ್ಳಲಿಲ್ಲ, ಒಂದು ಪಂದ್ಯವನ್ನೂ ಬಿಡಲಿಲ್ಲ. ‘ಆ ಹುಡುಗ ದಿನಾ ನನಗೆ ನಮಸ್ಕಾರ ಹೇಳ್ತಾನೆ, ನಾನು ಅವನ ಆಟಕ್ಕೆ ಹೋಗದೆ ಇರಕ್ಕಾಗತ್ತಾ?’ ಎನ್ನುತ್ತಿದ್ದರು. ಅಶೋಕನಗರದ ಫುಟ್‌ಬಾಲ್ ಕ್ರೀಡಾಂಗಣಕ್ಕೆ ನಾವು ಹೋಗುತ್ತಿದ್ದದ್ದು ಮೂರು ನಾಲ್ಕು ಮನೆಯವರು ಸೇರಿ. ಗ್ಯಾಲರಿಯಲ್ಲಿ ನನ್ನ ಎಡಕ್ಕೆ ಉರ್ದು, ಬಲಕ್ಕೆ ತಮಿಳು, ಅಪ್ಪನ ಬಾಯಲ್ಲಿ ಮದ್ದೂರಿನ ಕನ್ನಡ. ರೆಫರಿಗೆ ಮೂರರಲ್ಲೂ ಮಂಗಳಾರತಿ. ಕ್ವಾರ್ಟರ್ಸಿನ ಹುಡುಗಿಯೊಬ್ಬಳು ದಂಡಿನ ಬೆಂಗಳೂರನ್ನು ತನ್ನದೆಂದು ಅಂದುಕೊಂಡದ್ದು ಆ ಕಾಂಕ್ರೀಟು ಮೆಟ್ಟಿಲ ಮೇಲೆ.

ರಾಜ್ಯದ ತಂಡವೂ ಇದೇ ಕಾರ್ಖಾನೆ, ಇದೇ ಬೀದಿಗಳಿಂದ ಮೂಡಿತು. ಮೈಸೂರು ಸಂಸ್ಥಾನ, ಆಮೇಲೆ ಮೈಸೂರು ರಾಜ್ಯದ ಹೆಸರಲ್ಲಿ 1946–47, 1952–53, 1967–68, 1968–69ರಲ್ಲಿ ರಾಜ್ಯ ತಂಡಗಳ ನಡುವಿನ ಸಂತೋಷ್ ಟ್ರೋಫಿ ಬಂತು. 1962ರ ಜಕಾರ್ತ ಏಷ್ಯನ್ ಗೇಮ್ಸ್‌ನಲ್ಲಿ ಚಿನ್ನ ಗೆದ್ದ ಭಾರತ ತಂಡದಲ್ಲಿ ನಮ್ಮ ಅರುಮೈನಾಯಗಂ ಇದ್ದರು.

ಇದೆಲ್ಲ ಯಾಕೆ ಕರಗಿತು ಎಂದರೆ ಎಲ್ಲರೂ 1983ರ ಕ್ರಿಕೆಟ್ ವಿಶ್ವಕಪ್ ಕಡೆ, ಟೀವಿ ಕಡೆ ಬೆರಳು ತೋರಿಸುತ್ತಾರೆ. ನನಗೆ ಆ ಉತ್ತರ ಸಾಲದು. ಕ್ರಿಕೆಟ್ ಕಲ್ಕತ್ತಕ್ಕೂ ಬಂತು, ಗೋವಾಕ್ಕೂ ಕೇರಳಕ್ಕೂ ಬಂತು. ಅಲ್ಲಿ ಗ್ಯಾಲರಿಗಳು ಇಷ್ಟು ಬೇಗ ಖಾಲಿಯಾಗಲಿಲ್ಲ. ಇಲ್ಲಿ ಅಭಿಮಾನ ನಿಂತಿದ್ದದ್ದು ನೌಕರಿಯ ಮೇಲೆ. 1991ರ ನಂತರ ಸರ್ಕಾರಿ ಕಾರ್ಖಾನೆಗಳಿಗೆ ಪೈಪೋಟಿ ಬಂತು, ಹೊಸ ನೇಮಕ ನಿಂತಿತು, ಸ್ವಯಂನಿವೃತ್ತಿ ಯೋಜನೆಗಳು ಬಂದವು. ಹೊಸ ಆಟಗಾರ ಸೇರದ ಕಾರ್ಖಾನೆಯಲ್ಲಿ ನಮಸ್ಕಾರ ಹೇಳುವ ಹುಡುಗನೂ ಇಲ್ಲ, ಅವನ ಆಟಕ್ಕೆ ಹೋಗುವ ಅಮ್ಮನೂ ಇಲ್ಲ. ಕ್ವಾರ್ಟರ್ಸ್ ಖಾಲಿಯಾದವು, ನಾವೆಲ್ಲ ಒಂದೊಂದು ಬಡಾವಣೆಗೆ ಚದುರಿದೆವು. ಜನ ಆಟವನ್ನು ಬಿಟ್ಟದ್ದಲ್ಲ. ಅವರನ್ನು ಕೈಹಿಡಿದು ಮೈದಾನಕ್ಕೆ ಕರೆತರುತ್ತಿದ್ದ ದಾರಿ ಮುಚ್ಚಿಹೋಯಿತು.

ಕೊನೆಯ ಪ್ರಯತ್ನ ಎಚ್‌ಎಎಲ್‌ದು. 2010–11ರಲ್ಲಿ ಅವರು ಆಗ ದೇಶದ ಅಗ್ರ ಲೀಗ್ ಆಗಿದ್ದ ಐ-ಲೀಗ್‌ಗೆ ಏರಿದರು. ವಿದೇಶಿ ಆಟಗಾರರಿಗೆ ಹಣ ಚೆಲ್ಲುವ ಕ್ಲಬ್‌ಗಳ ಎದುರು ವಿಮಾನ ಕಾರ್ಖಾನೆಯ ತಂಡ ಎರಡು ಸೀಸನ್ ಎದೆಯೊಡ್ಡಿ ನಿಂತಿತು, 2012ರಲ್ಲಿ ಕೆಳಗಿಳಿಯಿತು. ಜೀವನವಿಡೀ ಎಚ್‌ಎಎಲ್ ಸೋಲಲಿ ಎಂದು ಬಯಸಿದ ನಾನು ಆ ಎರಡು ವರ್ಷ ಎಚ್‌ಎಎಲ್‌ಗಾಗಿ ಕೂಗಿದೆ.

ಮರುವರ್ಷವೇ ಬೆಂಗಳೂರು ಎಫ್‌ಸಿ. ಬೀದಿ ಇಲ್ಲ, ರೆಜಿಮೆಂಟ್ ಇಲ್ಲ, ಕಾರ್ಖಾನೆ ಇಲ್ಲ. ಒಂದು ಉದ್ಯಮ ಸಮೂಹ 2013ರ ಜುಲೈನಲ್ಲಿ ಕಟ್ಟಿದ ಕ್ಲಬ್. ಇದಕ್ಕೆ ಜನ ಎಲ್ಲಿಂದ ಬರುತ್ತಾರೆ ಎಂದು ನಮ್ಮ ಹಳಬರು ಕೇಳಿದರು. ಸೆಪ್ಟೆಂಬರ್ 22ರಂದು ಅಶೋಕನಗರದಲ್ಲೇ ಮೋಹನ್ ಬಾಗಾನ್ ಎದುರು ಮೊದಲ ಐ-ಲೀಗ್ ಪಂದ್ಯ, 1–1. ಪಶ್ಚಿಮದ ಸ್ಟ್ಯಾಂಡಿನಲ್ಲಿ ನೀಲಿ ಬಟ್ಟೆಯ ಹುಡುಗರ ಗುಂಪೊಂದು ತೊಂಬತ್ತು ನಿಮಿಷವೂ ಕೂರದೆ ಹಾಡಿತು. ಅವರೇ ವೆಸ್ಟ್ ಬ್ಲಾಕ್ ಬ್ಲೂಸ್. ಅವರಲ್ಲಿ ಹಲವರು ಅಲ್ಲಿಯವರೆಗೆ ಶನಿವಾರ ರಾತ್ರಿ ಟೀವಿ ಮುಂದೆ ಮ್ಯಾಂಚೆಸ್ಟರ್, ಲಂಡನ್ನಿನ ತಂಡಗಳಿಗೆ ಕೂಗುತ್ತಿದ್ದವರು. ನೋಡಲಾಗದಷ್ಟು ದೂರವಿದ್ದ ಪ್ರೀತಿಗೆ ಬಸ್ಸಿನಲ್ಲಿ ಹೋಗಿಬರುವಷ್ಟು ಹತ್ತಿರದ ಜಾಗ ಸಿಕ್ಕಿತ್ತು. ಸುನಿಲ್ ಛೆಟ್ರಿ ನಾಯಕ, ಆಶ್ಲಿ ವೆಸ್ಟ್‌ವುಡ್ ತರಬೇತುದಾರ. ಮೊದಲ ಸೀಸನ್ನಿನಲ್ಲೇ ತಂಡ ಐ-ಲೀಗ್ ಗೆದ್ದಿತು. 2016ರ ಅಕ್ಟೋಬರ್‌ನಲ್ಲಿ ಕಂಠೀರವದಲ್ಲಿ ಮಲೇಷ್ಯದ ಜೊಹೊರ್ ತಂಡವನ್ನು 3–1ರಿಂದ ಸೋಲಿಸಿ ಎಎಫ್‌ಸಿ ಕಪ್ ಫೈನಲ್‌ಗೆ ಹೋಯಿತು. ಗೆಲುವು ಜನರನ್ನು ಹೆಚ್ಚಿಸಿತು, ನಿಜ. ಆದರೆ ಆ ಮೊದಲ ಗುಂಪು ಗೆಲುವಿಗೆ ಕಾಯದೆ ಬಂದಿತ್ತು ಎಂಬುದನ್ನು ಮರೆಯಬಾರದು.

ನನ್ನ ತಂಗಿಯ ಮಗ ಅವರಲ್ಲೊಬ್ಬ. ಕಾಲೇಜಿನ ಗೆಳೆಯನೊಬ್ಬ ‘ಬಾ ಮಗಾ’ ಎಂದು ಕರೆದದ್ದಕ್ಕೆ ಹೋದನಂತೆ. ಅವನ ಅಜ್ಜನಿಗೆ ಆದದ್ದೂ ಅದೇ. 2023ರ ಮಾರ್ಚ್‌ನಲ್ಲಿ ರಿಯಾದ್‌ನಲ್ಲಿ ಕರ್ನಾಟಕ ಮೇಘಾಲಯವನ್ನು 3–2ರಿಂದ ಸೋಲಿಸಿ 54 ವರ್ಷಗಳ ಮೇಲೆ ಸಂತೋಷ್ ಟ್ರೋಫಿ ತಂದಾಗ ಅವನು ನನಗೆ ಫೋನ್ ಮಾಡಿ, ಹಿಂದಿನ ಸಲ ಗೆದ್ದವರು ಯಾರು ಎಂದು ಕೇಳಿದ. ಇಬ್ಬರೂ ಒಂದು ದಿನ ಗೌತಮಪುರಕ್ಕೆ ಹೋದೆವು. ಅಲ್ಲಿ ಬುದ್ಧ, ಅಂಬೇಡ್ಕರ್, ಮದರ್ ತೆರೇಸಾ ಅವರ ಜೊತೆ ಪೆಲೆಯ ಪ್ರತಿಮೆಯೂ ಇದೆ. ವಿಶ್ವಕಪ್ ಬಂದರೆ ಬೀದಿ ಬ್ರೆಜಿಲ್ ಬಣ್ಣಕ್ಕೆ ತಿರುಗುತ್ತದೆ. ಟೀ ಅಂಗಡಿಯ ಹಿರಿಯರೊಬ್ಬರು ಅವನ ನೀಲಿ ಅಂಗಿ ನೋಡಿ, ನಿಮ್ಮ ತಂಡದಲ್ಲಿ ನಮ್ಮ ಬೀದಿಯವರು ಎಷ್ಟು ಜನ ಎಂದು ಕೇಳಿದರು. ಅದು ಸರಿಯಾದ ಪ್ರಶ್ನೆ. ಬೆಂಗಳೂರು ಎಫ್‌ಸಿಯ ಕಿರಿಯರ ತಂಡ ಆಡುವ ಸೂಪರ್ ಡಿವಿಷನ್ ಲೀಗಿನಲ್ಲಿ ಅದಕ್ಕೆ ಉತ್ತರ ಸಿಗಬೇಕು. ಆ ಪಂದ್ಯಗಳಿಗೆ ಈಗ ಬರುವವರು ಆಟಗಾರರ ಮನೆಯವರು ಮತ್ತು ನಮ್ಮಂಥ ಕೆಲವು ಹಳಬರು. ಮುಂದಿನ ಸೀಸನ್ನಿಗೆ ಅವನು ಪಶ್ಚಿಮದ ಸ್ಟ್ಯಾಂಡಿನ ನಾಲ್ಕಾರು ಗೆಳೆಯರನ್ನು ಕರೆತರುತ್ತೇನೆಂದು ಮಾತು ಕೊಟ್ಟಿದ್ದಾನೆ, ಡೋಲು ತರಬಹುದಾ ಎಂದೂ ಕೇಳಿದ್ದಾನೆ. ತರಲಿ.