ಒಂದೇ ಅಚ್ಚಿನ ಗಾಡಿಗಳು

ರೇಡಿಯೊ ನಿಯಂತ್ರಣದ ಟೂರಿಂಗ್ ಕಾರೆಂದರೆ ನಿಜವಾದ ಕಾರಿನ ಹತ್ತನೆಯ ಒಂದರಷ್ಟು ಅಳತೆಯ ಪಂದ್ಯದ ಗಾಡಿ. 1990ರ ದಶಕದ ಆರಂಭದಲ್ಲಿ ಜಪಾನಿನ ತಮಿಯಾ ಕಂಪನಿ ಮಣ್ಣಿನಲ್ಲಿ ಓಡುವ ತನ್ನ 'ಮಾಂಟಾ ರೇ' ಬಗ್ಗಿಯ ಚಾಸಿಯನ್ನೇ ತುಸು ತಿದ್ದಿ 'ಟಿಎ01' ಮಾಡಿತು. ಅದೂ ನಕಲೇ, ಸ್ವಂತ ಮನೆಯದು ಅಷ್ಟೆ.

ಆಮೇಲೆ ಯೊಕೊಮೊ, ಎಚ್‌ಪಿಐ, ಎಕ್ಸ್‌ರೇ ಎಂದು ಪೈಪೋಟಿ ಬೆಳೆಯಿತು. 2000ದ ದಶಕದ ಗಾಡಿಗಳ ಮೇಲುಹೊದಿಕೆ ತೆಗೆದರೆ ಯಾವುದು ಯಾರದೆಂದು ಹೇಳುವುದು ಕಷ್ಟ: ಎರಡು ಕಾರ್ಬನ್ ಹಲಗೆ, ಒಂದು ಪಕ್ಕ ಬ್ಯಾಟರಿ, ಇನ್ನೊಂದು ಪಕ್ಕ ಮೋಟಾರು, ಹಿಂದಕ್ಕೊಂದು ಮುಂದಕ್ಕೊಂದು ಬೆಲ್ಟು. ಕದ್ದರು ಎನ್ನುವವರಿದ್ದಾರೆ. ನನಗೆ ಹಾಗನ್ನಿಸದು. ಅಗಲ ಸುಮಾರು 190 ಮಿಲಿಮೀಟರು. ಬ್ಯಾಟರಿ, ಮೋಟಾರುಗಳ ಗಾತ್ರವೂ ಮೊದಲೇ ಗೊತ್ತಾದದ್ದು. ಮೂವತ್ತು-ನಲವತ್ತರ ಸೈಟಿನಲ್ಲಿ ಯಾರು ಕಟ್ಟಿಸಿದರೂ ಅಡಿಗೆಮನೆ ಆಗ್ನೇಯಕ್ಕೇ ಬರುತ್ತದಲ್ಲ!

ಬೇರೆ ದಾರಿ ಹಿಡಿದವರೂ ಇದ್ದರು. ಅಮೆರಿಕದ ಅಸೋಸಿಯೇಟೆಡ್ 1999ರ ಸುಮಾರಿಗೆ ತಂದ ಟಿಸಿ3ಗೆ ಬೆಲ್ಟೇ ಇಲ್ಲ, ನಡುವೆ ಉದ್ದಕ್ಕೂ ಒಂದು ಶಾಫ್ಟು. ಹಗುರಾಗಿ ತಿರುಗುತ್ತಿತ್ತು, ಆದರೆ ಉದ್ದಕ್ಕೆ ಕೂತ ಮೋಟಾರು ಬಿರುಸಾದಾಗ ಅದರ ತಿರುಚು ಗಾಡಿಯನ್ನು ಒಂದು ಮಗ್ಗುಲಿಗೆ ವಾಲಿಸುತ್ತದೆ. ಆ ದಶಕ ಮುಗಿಯುವ ಮೊದಲೇ ಟಿಸಿ5 ಬಂತು, ಬೆಲ್ಟು ಕಟ್ಟಿಕೊಂಡು. ಅದರ ಒಳಗಿನ ಚಿತ್ರ ನೋಡಿ ನನಗೆ ತುಸು ಬೇಸರವೇ ಆಯಿತು.