ಶುಶ್ರೂಷೆಯೂ ರೋಗಿಪರೀಕ್ಷೆಯೂ

ಶುಶ್ರೂಷೆ ಎಂಬ ಶಬ್ದವು ಸಂಸ್ಕೃತದ ಶ್ರು ಧಾತುವಿನ ಸನ್ನಂತ ರೂಪದಿಂದ ಹುಟ್ಟಿದುದು. ಕೇಳಬೇಕೆಂಬ ಇಚ್ಛೆಯೇ ಅದರ ಮೂಲಾರ್ಥ. ಗುರುವಿನ ಮಾತನ್ನು ಕೇಳಲಿಚ್ಛಿಸುವವನು ಅವನ ಸೇವೆಯಲ್ಲಿ ನಿಲ್ಲುವನಾದುದರಿಂದ ಸೇವೆಯೆಂಬ ಅರ್ಥವೂ, ಅನಂತರ ರೋಗಿಯ ಉಪಚಾರವೆಂಬ ಅರ್ಥವೂ ರೂಢವಾದುವು. ಕನ್ನಡದಲ್ಲಿ ಈ ಕಡೆಯ ಅರ್ಥವೇ ಉಳಿದು ಮೂಲಾರ್ಥವು ಮರೆತುಹೋಗಿದೆ. ಹೀಗಿರಲು, ಹಾಸಿಗೆಯ ಬಳಿಯಲ್ಲಿರುವವನು ಕೇಳಿ ನೋಡಿ ತಿಳಿಯಬಲ್ಲವನಾಗಿರಬೇಕೆ, ಅಥವಾ ಹೇಳಿದುದನ್ನು ಮಾಡಿದರೆ ಸಾಕೆ ಎಂಬುದು ವಿಚಾರಾರ್ಹವಾದ ಪ್ರಶ್ನೆ.

ಚರಕಸಂಹಿತೆಯ ಸೂತ್ರಸ್ಥಾನದಲ್ಲಿ ಚಿಕಿತ್ಸೆಗೆ ವೈದ್ಯ, ದ್ರವ್ಯ, ಉಪಸ್ಥಾತೃ, ರೋಗಿ ಎಂದು ನಾಲ್ಕು ಪಾದಗಳನ್ನು ಹೇಳಿದೆ. ಉಪಸ್ಥಾತೃವೆಂದರೆ ಉಪಚಾರಕನು. ಅವನಿಗೆ ಉಪಚಾರಜ್ಞಾನ, ದಕ್ಷತೆ, ಅನುರಾಗ, ಶೌಚ ಎಂಬ ನಾಲ್ಕು ಗುಣಗಳು ಬೇಕು. ರೋಗಿಗೆ ಹೇಳಿರುವ ಗುಣಗಳಲ್ಲಿ ಜ್ಞಾಪಕತ್ವವೂ ಒಂದು. ತನ್ನ ರೋಗವನ್ನು ತಿಳಿಯಹೇಳುವ ಶಕ್ತಿಯೇ ಅದು. ಹೇಳುವವನಿದ್ದಾನೆ, ಆದರೆ ಕೇಳುವ ಕಾರ್ಯವು ವೈದ್ಯನದೇ ಆಗಿದೆ. ದರ್ಶನ, ಸ್ಪರ್ಶನ, ಪ್ರಶ್ನಗಳೆಂಬ ಪರೀಕ್ಷೆಯೂ, ಮುಂದಿನ ಕಾಲದ ಗ್ರಂಥಗಳಲ್ಲಿ ಕಾಣುವ ನಾಡೀಪರೀಕ್ಷೆಯೂ ಅವನಿಗೇ ಸೇರಿದುವು. ಕನ್ನಡದಲ್ಲಿ ಜಗದ್ದಳ ಸೋಮನಾಥನ ಕರ್ಣಾಟಕ ಕಲ್ಯಾಣಕಾರಕವಾಗಲಿ, ಮಂಗರಾಜನ ಖಗೇಂದ್ರಮಣಿದರ್ಪಣವಾಗಲಿ ವೈದ್ಯನನ್ನುದ್ದೇಶಿಸಿ ಹುಟ್ಟಿದ ಗ್ರಂಥಗಳೇ. ಎಲ್ಲವೂ ಪ್ರಾಚೀನರಲ್ಲಿಯೇ ಇದ್ದಿತೆನ್ನುವವರ ಮಾತು ಈ ವಿಷಯದಲ್ಲಿ ಅರ್ಧಮಾತ್ರವೇ ಸತ್ಯ.

ಶಸ್ತ್ರವೈದ್ಯದ ಆಕರವಾದ ಸುಶ್ರುತಸಂಹಿತೆಯು ವ್ರಣವುಳ್ಳ ರೋಗಿಯ ಮನೆ, ಹಾಸಿಗೆ, ಒಡನಾಡಿಗಳ ವಿಷಯವಾಗಿ ಪ್ರತ್ಯೇಕವಾದೊಂದು ಅಧ್ಯಾಯವನ್ನೇ ಇಟ್ಟಿದೆ. ಹೊಸ ಧಾನ್ಯ, ಉದ್ದು, ಎಳ್ಳು, ಹುರುಳಿ, ಬೆಲ್ಲ, ಮೊಸರು, ಜಲಚರಗಳ ಮಾಂಸ ಮುಂತಾದುವು ಕೀವನ್ನು ಹೆಚ್ಚಿಸುವುವೆಂದು ಅಲ್ಲಿ ನಿಷೇಧಿಸಿದೆ. ಕೋಟದ ಸೀಮೆಯನ್ನು ಬಲ್ಲವರಿಗೆ ಇದು ಅಪರಿಚಿತವಲ್ಲ. ಗಾಯವು ಮಾಯದಂತೆ ಮಾಡುವ ಆಹಾರವನ್ನು ಕರಾವಳಿಯ ಜನರು ‘ನಂಜು’ ಎನ್ನುತ್ತಾರೆ. ಶಸ್ತ್ರಚಿಕಿತ್ಸೆಯಾದವನು ಅನ್ನವನ್ನು ಬಿಟ್ಟರೆ ಅದಕ್ಕೆ ವಾಕರಿಕೆ ಕಾರಣವೊ, ಹೊಟ್ಟೆಯುಬ್ಬರ ಕಾರಣವೊ, ನಂಜಿನ ಭಯ ಕಾರಣವೊ ಎಂಬುದನ್ನು ಕೇಳಿಯೇ ತಿಳಿಯಬೇಕು, ನಾಡಿಯಿಂದ ತಿಳಿಯುವಂತಿಲ್ಲ.

ಬಳಿಯಲ್ಲಿರುವವರ ನೋಟಕ್ಕೆ ಶಾಸ್ತ್ರದ ಸ್ಥಾನವು ದೊರೆತುದು ಹತ್ತೊಂಬತ್ತನೆಯ ಶತಮಾನದಲ್ಲಿ. ಫ್ಲಾರೆನ್ಸ್ ನೈಟಿಂಗೇಲಳು 1860ರಲ್ಲಿ ಲಂಡನ್ನಿನ ಸೇಂಟ್ ಥಾಮಸ್ ಆಸ್ಪತ್ರೆಯಲ್ಲಿ ದಾದಿಯರ ಶಾಲೆಯನ್ನು ಸ್ಥಾಪಿಸಿದಳು. ರಾತ್ರಿ ಚೆನ್ನಾಗಿ ನಿದ್ರೆ ಬಂದಿತೇ ಎಂದು ಕೇಳುವುದರಿಂದ ಪ್ರಯೋಜನವಿಲ್ಲ, ಎಷ್ಟು ಗಂಟೆ, ಯಾವ ಹೊತ್ತಿನಲ್ಲಿ ಎಂದು ಕೇಳಬೇಕು ಎಂಬುದು ಅವಳ ಗ್ರಂಥದ ಅಭಿಪ್ರಾಯ. 1868ರಲ್ಲಿ ಜರ್ಮನಿಯ ವುಂಡರ್ಲಿಶ್‌ನು ಜ್ವರದ ಏರಿಳಿತವನ್ನು ಕುರಿತ ಗ್ರಂಥವನ್ನು ಪ್ರಕಟಿಸಿದನು. 1896ರಲ್ಲಿ ರಿವಾ-ರೊಚ್ಚಿಯ ರಕ್ತದೊತ್ತಡದ ಯಂತ್ರವು ಬಂದಿತು. ಆದರೆ ಹೆಚ್ಚಿನ ವ್ಯತ್ಯಾಸವು ಯಂತ್ರದ್ದಲ್ಲ, ಕಾಲದ್ದು. ವೈದ್ಯನು ಬಂದುಹೋಗುವವನು; ದಾದಿಯು ರಾತ್ರಿಯೆಲ್ಲ ಇರುವವಳು. ಶಸ್ತ್ರಕ್ರಿಯೆಯ ಅನಂತರ ಒಳಗೆ ರಕ್ತ ಸೋರುತ್ತಿದ್ದರೆ ಒತ್ತಡವು ಕುಸಿಯುವುದಕ್ಕೆ ಮೊದಲೇ ಸಾಮಾನ್ಯವಾಗಿ ನಾಡಿಯು ತೀವ್ರವಾಗುತ್ತದೆ, ಚರ್ಮವು ತಣ್ಣಗಾಗುತ್ತದೆ, ರೋಗಿಯು ಚಡಪಡಿಸುತ್ತಾನೆ. ಒಂದು ಸಲದ ಎಣಿಕೆಯಿಂದ ಇದು ಗೊತ್ತಾಗದು. ಗಳಿಗೆಗಳಿಗೆಗೂ ಬರೆದಿಟ್ಟ ಅಂಕಿಗಳ ಸಾಲಿನಿಂದ ಗೊತ್ತಾಗುತ್ತದೆ.

ಕೋಟದ ನೆರೆಯಲ್ಲಿ ಈ ಪದ್ಧತಿಗೆ ಆಶ್ರಯವಾದುದು ಉಡುಪಿಯ ಮಿಶನ್ ಆಸ್ಪತ್ರೆ. ಸ್ವಿಟ್ಜರ್ಲೆಂಡಿನ ವೈದ್ಯೆ ಡಾ. ಈವಾ ಲೊಂಬಾರ್ಡರು 1923ರಲ್ಲಿ ಅದನ್ನು ಸ್ಥಾಪಿಸಿದರು. ದಕ್ಷಿಣ ಕನ್ನಡವು ಆಗ ಮದರಾಸು ಪ್ರಾಂತಕ್ಕೆ ಸೇರಿದ್ದಿತು. ದಾದಿಯರ ಮತ್ತು ಸೂಲಗಿತ್ತಿಯರ ನೋಂದಣಿಗಾಗಿ ಮದರಾಸಿನ ಶಾಸನವು 1926ರಲ್ಲಿ ಹೊರಟಿತು. ಮಣಿಪಾಲದ ವೈದ್ಯಕೀಯ ಕಾಲೇಜು 1953ರದು.

ಕೋಟದಿಂದ ಉಡುಪಿಗೆ ಬರುವ ರೋಗಿಯು ಸೀತಾ, ಸ್ವರ್ಣಾ ಎಂಬೆರಡು ಹೊಳೆಗಳನ್ನು ದಾಟಬೇಕು. ಅವುಗಳೊಡನೆ ಕನ್ನಡದ ಸೀಮೆಯನ್ನು ದಾಟಿ ತುಳುವಿನ ಸೀಮೆಯನ್ನೂ ಸೇರುತ್ತಾನೆ. ಅವನಿಗೆ ಕಾಯಿಲೆಯು ‘ಸೀಕು’. ದೇಹ ಸೋತುಹೋಗುವುದು ‘ಬಚ್ಚುವುದು’. ದುಡಿದ ದಣಿವಿಗೂ ರೋಗದ ನಿತ್ರಾಣಕ್ಕೂ ಆ ಒಂದೇ ಮಾತು ಸಲ್ಲುವುದರಿಂದ, ನಡೆದಾಗಲೋ, ಮಲಗಿದಾಗಲೂ ಉಂಟೋ, ಎಂದಿನಿಂದ ಎಂದು ವಿವರವಾಗಿ ಕೇಳದೆ ದಣಿವೆಂದು ಬರೆದುಕೊಂಡರೆ ರಕ್ತಹೀನತೆಯೂ ಹೃದ್ರೋಗವೂ ಆ ಒಂದು ಪದದಲ್ಲಿಯೇ ಅಡಗಿ ಉಳಿಯುತ್ತವೆ. ಚರಕನು ರೋಗಿಯಲ್ಲಿ ಬಯಸಿದ ಜ್ಞಾಪಕತ್ವವು ಅವನಲ್ಲಿ ಇದ್ದೇ ಇದೆ. ಅವನ ಕನ್ನಡವನ್ನು ಕೇಳಿ ತಿಳಿಯುವ ಕೆಲಸವು ರಾತ್ರಿಯ ಪಾಳಿಯ ದಾದಿಯ ಪಾಲಿನದು.